ಆ ಸೊನ್ನೆ ಯಾಕೆ ಬೇಕು?

ಪ್ರಶ್ನೆ: ಪ್ರಥಮ ಪಿಯುಸಿ ಓದುತ್ತಿದ್ದೇನೆ ಸರ್. ಲ್ಯಾಬ್‌ನಲ್ಲಿ ವರ್ನಿಯರ್ ಕ್ಯಾಲಿಪರ್ಸ್ ಹಿಡಿದು ಸಿಲಿಂಡರ್ ಅಳೆದೆ. ವ್ಯಾಸ 1.92 ಸೆಂ.ಮೀ., ಉದ್ದ 4.50 ಸೆಂ.ಮೀ. ಮೊಬೈಲ್‌ನಲ್ಲಿ ಘನಫಲ ಲೆಕ್ಕ ಹಾಕಿದರೆ 13.0288131 ಬಂತು. ರೆಕಾರ್ಡ್‌ನಲ್ಲಿ ಹಾಗೇ ಬರೆದೆ. ಮೇಡಂ ಅದನ್ನು ಹೊಡೆದುಹಾಕಿ 13.0 ಘನ ಸೆಂ.ಮೀ. ಅಂತ ಬರೆದರು. ಅಂಕಿ ಜಾಸ್ತಿ ಇದ್ದರೆ ಒಳ್ಳೆಯದೇ ಅಲ್ವಾ? ಕತ್ತರಿಸುವುದೇ ಆದರೆ 13 ಸಾಕಿತ್ತು, ಆ ಸೊನ್ನೆ ಯಾಕೆ?
- ವಿದ್ಯಾರ್ಥಿನಿ, ಹಾಸನ

ಉತ್ತರ: ಮೇಡಂ ಮಾಡಿದ್ದು ಸರಿ ಕಣಮ್ಮ. ಮೊಬೈಲ್‌ಗೆ ಗುಣಿಸುವುದು ಗೊತ್ತು, ನೀನು ಹೇಗೆ ಅಳೆದೆ ಅನ್ನುವುದು ಗೊತ್ತಿಲ್ಲ.

ನಿನ್ನ ಕ್ಯಾಲಿಪರ್ಸ್‌ನ ಲೀಸ್ಟ್ ಕೌಂಟ್, ಅಂದರೆ ಅದು ಅಳೆಯಬಲ್ಲ ಅತಿ ಚಿಕ್ಕ ಅಳತೆ, 0.01 ಸೆಂ.ಮೀ. ಹಾಗಾಗಿ 1.92ರ ಕೊನೆಯ 2 ಸ್ವಲ್ಪ ಆಚೀಚೆ ಆಗಬಹುದು. ವರ್ನಿಯರ್‌ನ, ಅಂದರೆ ಜಾರುವ ಚಿಕ್ಕ ಸ್ಕೇಲಿನ, ಯಾವ ಗೆರೆ ಮುಖ್ಯ ಸ್ಕೇಲಿನ ಗೆರೆಗೆ ಸರಿಯಾಗಿ ಕೂತಿದೆ ಅಂತ ಪಕ್ಕದವಳನ್ನು ಕೇಳು, ಅವಳು ಬೇರೆ ಗೆರೆ ತೋರಿಸುತ್ತಾಳೆ. ನಾನು ಪಾಠ ಮಾಡಿದಷ್ಟು ಕಾಲವೂ ಲ್ಯಾಬ್‌ನಲ್ಲಿ ಈ ಜಗಳ ಇದ್ದೇ ಇತ್ತು. ಈಗ ವ್ಯಾಸ 1.91 ಹಾಕಿ ನೋಡು, ಉತ್ತರ 12.89. 1.93 ಹಾಕಿದರೆ 13.16. ಪಾಯಿಂಟ್ ಆದಮೇಲಿನ ಮೊದಲ ಅಂಕಿಯೇ ಅಲುಗಾಡುತ್ತಿದೆ. ಏಳನೆಯದನ್ನು ಯಾವ ಧೈರ್ಯದ ಮೇಲೆ ಬರೆಯುತ್ತೀಯ?

ಇನ್ನು ಸೊನ್ನೆ. ಬರೀ 13 ಅಂದರೆ ಓದುವವರು 12.5ರಿಂದ 13.5ರ ನಡುವೆ ಎಲ್ಲೋ ಇದೆ ಅಂದುಕೊಳ್ಳುತ್ತಾರೆ. ನಿನ್ನ ಅಳತೆ ಅಷ್ಟು ಒರಟಲ್ಲ. 4.50ರಲ್ಲಿ ನೀನೇ ಸೊನ್ನೆ ಬರೆದಿದ್ದೀಯಲ್ಲ, ಆ ಸ್ಥಾನವನ್ನೂ ನೋಡಿದ್ದೀಯ ಅಂತ ತಾನೆ ಅರ್ಥ?

ಸೊನ್ನೆಯ ಪೇಚಾಟಕ್ಕೆ ಎವರೆಸ್ಟ್‌ನದೇ ಒಂದು ಕಥೆ ಇದೆ. 1856ರಲ್ಲಿ ಸರ್ವೇ ಇಲಾಖೆಯ ಆಂಡ್ರ್ಯೂ ವಾ ಅದರ ಎತ್ತರ 29,002 ಅಡಿ ಅಂತ ಪ್ರಕಟಿಸಿದರು. ಲೆಕ್ಕದಲ್ಲಿ ಬಂದದ್ದು ಸರಿಯಾಗಿ 29,000 ಅಂತೆ. ಹಾಗೇ ಹೇಳಿದರೆ ಜನ ಇದು ಸುಮ್ನೆ ಅಂದಾಜು ಅಂದುಕೊಂಡಾರು ಅಂತ ಎರಡು ಅಡಿ ಸೇರಿಸಿದರಂತೆ! ಕಥೆ ಮಜವಾಗಿದೆ, ನೀನು ರೆಕಾರ್ಡ್‌ನಲ್ಲಿ ಹಾಗೆ ಮಾಡಬೇಡ. 29,000 ಅನ್ನು 2.9000 × 10⁴ ಅಂತ ಬರೆದರೆ ಐದೂ ಅಂಕಿ ಅಳೆದದ್ದೇ ಅಂತ ತಿಳಿಯುತ್ತದೆ.

ಒಂದು ಎಚ್ಚರಿಕೆ. ಅಂಕಿ ಕತ್ತರಿಸುವುದು ಕೊನೆಯ ಉತ್ತರದಲ್ಲಿ ಮಾತ್ರ, ಮಧ್ಯದಲ್ಲಿ ಬೇಡ. ಪೈಗೆ 3.142 ಹಾಕು. ಸೋಮಾರಿತನಕ್ಕೆ 3.1 ಹಾಕಿದರೆ ಇದೇ ಸಿಲಿಂಡರ್ 12.9 ಆಗಿಬಿಡುತ್ತದೆ. ಆಗ ಮೇಡಂ ಮಾರ್ಕ್ಸ್ ಕಳೆದರೆ ನನಗೆ ಬರೆಯಬೇಡ.