ಹಗುರದ ಪ್ಲೇಟ್ ಕ್ಯಾರಿಯರ್ ಬೇಕಾ? ಮೊದಲು ಪ್ಲೇಟ್ ನೋಡಿ

ಪ್ರಶ್ನೆ: ಅರೆಸೇನಾ ಪಡೆಯಲ್ಲಿದ್ದೇನೆ. ಸ್ವಂತ ದುಡ್ಡಲ್ಲಿ ಪ್ಲೇಟ್ ಕ್ಯಾರಿಯರ್ ತಗೋಬೇಕು. ಎಲ್ಲಕ್ಕಿಂತ ಹಗುರ ಯಾವುದು?

ಉತ್ತರ: ಈ ಪ್ರಶ್ನೆಗೆ ಉತ್ತರ ಬರೆದು ಬರೆದು ಸಾಕಾಗಿದೆ. ಕ್ಯಾರಿಯರ್ ಅಂದರೆ ಗುಂಡು ತಡೆಯುವ ಪ್ಲೇಟುಗಳನ್ನು ಮೈಮೇಲೆ ಹೊರುವ ಅಂಗಿ, ಬರೀ ಬಟ್ಟೆ, ಪಟ್ಟಿ, ಬಕಲ್. ಅಮೆರಿಕದ ಕ್ರೈ ಕಂಪನಿಯ ಜೆಪಿಸಿ ಅನ್ನೋ ಕ್ಯಾರಿಯರ್ ಅರ್ಧ ಕಿಲೋ ಚಿಲ್ಲರೆ ತೂಗುತ್ತದೆ. ಅದರೊಳಗೆ ಕೂರುವ ಪ್ಲೇಟು? ಅಮೆರಿಕ ಸೇನೆಯ ಮೀಡಿಯಂ ಅಳತೆಯ ಇಸಾಪಿ (ರೈಫಲ್ ಗುಂಡು ತಡೆಯುವ ಸೆರಾಮಿಕ್) ಪ್ಲೇಟ್ ಒಂದೇ ಸುಮಾರು 2.5 ಕಿಲೋ. ಎದೆಗೊಂದು, ಬೆನ್ನಿಗೊಂದು, ಅಲ್ಲಿಗೇ 5 ಕಿಲೋ ಆಯಿತು. ತುಂಬಿದ ಎಕೆ ಮ್ಯಾಗಜೀನ್ ಒಂದೊಂದೂ ಮುಕ್ಕಾಲು ಕಿಲೋ ಮೇಲೆ. ಬಟ್ಟೆಯಲ್ಲಿ 200 ಗ್ರಾಂ ಉಳಿಸೋಕೆ ದುಡ್ಡು ಸುರಿದು, ಆಮೇಲೆ ಬೇಡದ ಪೌಚ್‌ಗಳನ್ನೆಲ್ಲ ಸಿಕ್ಕಿಸಿಕೊಂಡರೆ ಏನು ಬಂತು?

ಪ್ಲೇಟನ್ನು ಆರಿಸಿ, ಅದರ ಅಳತೆಗೆ ಕ್ಯಾರಿಯರ್ ತಗೊಳ್ಳಿ. ಪ್ಲೇಟಿನ ಮೇಲಂಚು ಗಂಟಲ ಕೆಳಗಿನ ಗುಳಿಗೆ ಬರಬೇಕು. ಅಗಲ ಎರಡು ಮೊಲೆತೊಟ್ಟುಗಳನ್ನು ಮುಚ್ಚಿದರೆ ಸಾಕು. ಹೊಟ್ಟೆ ಮುಚ್ಚಲಿ ಅಂತ ಕೆಳಗಿಳಿಸಿ ಕಟ್ಟುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಹೃದಯದ ಮೇಲ್ಭಾಗ ಖಾಲಿ ಬಿಟ್ಟಿರುತ್ತಾರೆ.

ಹಗುರದ ಪ್ಲೇಟ್ ಕೊಳ್ಳುವಾಗ ಹಿಂದಿನ ಚೀಟಿ ಓದಿ. ಐಸಿಡಬ್ಲ್ಯು (‘ಇನ್ ಕಂಜಂಕ್ಷನ್ ವಿತ್’, ಅಂದರೆ ಇನ್ನೊಂದರ ಜೊತೆಗೆ) ಅಂತಿದ್ದರೆ ಅದರ ಹಿಂದೆ ಗುಂಡು ತಡೆಯುವ ನಾರಿನ ಮೃದು ಕವಚ ಇರಲೇಬೇಕು, ಒಂಟಿಯಾಗಿ ಹಾಕುವಂತಿಲ್ಲ. ಆ ಮೃದು ಕವಚದ ತೂಕ ಜಾಹೀರಾತಿನಲ್ಲಿ ಕಾಣುವುದಿಲ್ಲ! ಬರೀ ಪಾಲಿಎಥಿಲೀನ್ ಪ್ಲಾಸ್ಟಿಕ್‌ನ ಲೆವೆಲ್ 3 ಪ್ಲೇಟು (ಲೆವೆಲ್ ಅಂದರೆ ಯಾವ ಗುಂಡು ತಡೆಯುತ್ತದೆ ಅನ್ನೋ ದರ್ಜೆ) ನೀರಲ್ಲಿ ತೇಲುವಷ್ಟು ಹಗುರ. ಆದರೆ ಅಂಥವುಗಳಲ್ಲಿ ಹಲವು, ಉಕ್ಕಿನ ಮೊನೆಯ 5.56 ಎಂ855 ರೈಫಲ್ ಗುಂಡನ್ನು ತಡೆಯುವುದಿಲ್ಲ. ಕವಚಗಳಿಗೆ ಮಾನದಂಡ ಮಾಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎನ್‌ಐಜೆಯ ಹಳೇ ಲೆವೆಲ್ 3 ಪರೀಕ್ಷೆಯಲ್ಲಿ ಆ ಗುಂಡೇ ಇಲ್ಲ. ಬಿಸಿಲಲ್ಲಿ ನಿಂತ ಜೀಪಿನೊಳಗೆ ಈ ಪ್ಲೇಟುಗಳನ್ನು ಬಿಡಬೇಡಿ, ಶಾಖ ಅವಕ್ಕೆ ಆಗಿಬರುವುದಿಲ್ಲ. ನಮ್ಮಲ್ಲಿ ಗುಂಡು ನಿರೋಧಕ ಜಾಕೆಟ್‌ಗಳಿಗೆ ಬಿಐಎಸ್‌ನ (ಭಾರತೀಯ ಮಾನಕ ಬ್ಯೂರೋ) ಐಎಸ್ 17051 ಅನ್ನೋ ಮಾನದಂಡ 2018ರಿಂದ ಇದೆ. ಯಾವ ಗುಂಡಿಗೆ ಪರೀಕ್ಷೆ ಆಗಿದೆ ಅಂತ ವರದಿ ಕೇಳಿ. ತೋರಿಸದಿದ್ದರೆ ಎದ್ದು ಬನ್ನಿ.

ಇನ್ನು ಕ್ಯಾರಿಯರ್. ಪ್ಲೇಟ್ ಹಾಕಿ, ಮ್ಯಾಗಜೀನ್ ತುಂಬಿ, ಅಂಗಡಿಯಲ್ಲೇ ನೆಲಕ್ಕೆ ಮಲಗಿ ಏಳಿ. ಒಳಗೆ ಪ್ಲೇಟು ಅಲುಗಾಡಿದರೆ ಬೇಡ. ಕೈ ಚಾಚಿ ಬಂದೂಕಿನ ಬಟ್ ಭುಜಕ್ಕೆ ಕೂರಿಸಿದ ಹಾಗೆ ಮಾಡಿ. ಭುಜದ ಪಟ್ಟಿ ಅಡ್ಡ ಬರುತ್ತದಾ? ತೀರಾ ತೆಳು ಪಟ್ಟಿ ಗಂಟೆಗಟ್ಟಲೆ ಹೊತ್ತಾಗ ಭುಜ ಕೊಯ್ಯುತ್ತದೆ. ಸೊಂಟದ ಪಟ್ಟಿ ಬಿಗಿಯಾಗಿ ಹಿಡಿದರೆ ಪ್ಲೇಟು ಕುಣಿಯುವುದಿಲ್ಲ, ಉಸಿರಾಟಕ್ಕೆ ಮಾತ್ರ ಜಾಗ ಬಿಡಿ. ಕೆಳಗಿನ ಹೊಲಿಗೆ ಬೆರಳಲ್ಲಿ ಎಳೆದು ನೋಡಿ, ಪೂರ್ತಿ ಭಾರ ಬೀಳುವುದು ಅಲ್ಲೇ. ಪಡೆ ಕೊಟ್ಟ ಜಾಕೆಟ್ ಬಿಟ್ಟು ಸ್ವಂತದ್ದು ತೊಡುವ ಮುಂಚೆ ಮೇಲಧಿಕಾರಿಯನ್ನು ಕೇಳಿ. ಈ ಮಾತನ್ನು ಯಾರೂ ಕೇಳುವುದಿಲ್ಲ, ಆದರೂ ಹೇಳಿದ್ದೇನೆ.

ಪ್ರಶ್ನೆ: ಆನ್‌ಲೈನ್‌ನಲ್ಲಿ ‘ಲೆವೆಲ್ 4 ಕ್ಯಾರಿಯರ್’ ಅಗ್ಗಕ್ಕೆ ಸಿಗುತ್ತಿದೆ. ತಗೊಳ್ಳಲಾ?

ಉತ್ತರ: ಲೆವೆಲ್ ಇರುವುದು ಪ್ಲೇಟಿಗೆ. ಬಟ್ಟೆಗೆ ಲೆವೆಲ್ ಅಂಟಿಸುವವನು ಮೋಸಗಾರ.

ಪ್ರಶ್ನೆ: ಉಕ್ಕಿನ ಪ್ಲೇಟು ಗಟ್ಟಿ ಅಲ್ವಾ?

ಉತ್ತರ: ಭಾರ ಜಾಸ್ತಿ, ಮೇಲಾಗಿ ಗುಂಡು ಅಲ್ಲಿ ಒಡೆದು ಚೂರು ಗಲ್ಲಕ್ಕೂ ತೋಳಿಗೂ ಸಿಡಿಯುತ್ತದೆ. ಬೇಡ.

ಪ್ರಶ್ನೆ: ಸೆರಾಮಿಕ್ ಪ್ಲೇಟ್ ಕೈಜಾರಿ ಬಿತ್ತು. ಹೊರಗೆ ಏನೂ ಆಗಿಲ್ಲ.

ಉತ್ತರ: ಒಳಗೆ ಸೀಳಿರಬಹುದು, ಕಣ್ಣಿಗೆ ಕಾಣದು. ಎಕ್ಸ್‌ರೇ ಆಗುವವರೆಗೆ ತೊಡಬೇಡಿ. ಬೆರಳಲ್ಲಿ ಬಡಿದು ಸದ್ದು ಕೇಳಿ ‘ಚೆನ್ನಾಗಿದೆ’ ಅನ್ನುವ ಗೆಳೆಯನ ಮಾತು ನಂಬಬೇಡಿ.