ಮನೆ ರಿಪೇರಿ: ಗೋಡೆ ಒಣಗುವ ಮೊದಲು ಬಣ್ಣ ಬೇಡ

ಪ್ರಶ್ನೆ: ನಮ್ಮದು ಮಾವನವರ ಕಾಲದ ಹಂಚಿನ ಮನೆ. ಜಂಬಿಟ್ಟಿಗೆಯ ಪಾಯ, ಮೇಲೆ ಮಣ್ಣಿನ ಗೋಡೆ. ನಡುಮನೆಯ ಗೋಡೆ ನೆಲದಿಂದ ಎರಡು ಅಡಿಯವರೆಗೆ ಸದಾ ತೇವ. ಬಿಳಿ ಪುಡಿ ಉದುರುತ್ತದೆ. ಮೂರು ವರ್ಷದ ಹಿಂದೆ ಹಳೆ ಗಾರೆ ಕೆತ್ತಿಸಿ, ಸಿಮೆಂಟ್ ಪ್ಲಾಸ್ಟರ್ ಮಾಡಿಸಿ, ಪುಟ್ಟಿ ಹಾಕಿ ಪೇಂಟ್ ಹೊಡೆಸಿದೆವು. ಈಗ ತೇವ ಮೂರೂವರೆ ಅಡಿಗೆ ಏರಿದೆ! ವಾಟರ್‌ಪ್ರೂಫ್ ಕೋಟಿಂಗ್ ಹೊಡೆದರೆ ಸರಿಹೋಗುತ್ತದೆ ಅಂತಾರೆ ಮೇಸ್ತ್ರಿ. ಹೊಡೆಸಲಾ?
– ಓದುಗರು, ಸಾಗರ

ಉತ್ತರ: ಬೇಡಮ್ಮಾ, ದಯವಿಟ್ಟು ಹೊಡೆಸಬೇಡಿ. ಹಳೆ ಮನೆಗಳಲ್ಲಿ ನಾನು ಹೆಚ್ಚಾಗಿ ಕಾಣುವ ಕಾಯಿಲೆ ಇದೇ. ಬತ್ತಿ ಎಣ್ಣೆ ಹೀರುವ ಹಾಗೆ ಗೋಡೆ ನೆಲದ ನೀರನ್ನು ಮೇಲಕ್ಕೆ ಎಳೆಯುತ್ತದೆ. ಸುಣ್ಣದ ಗಾರೆ ಇದ್ದಾಗ ಆ ನೀರು ಆವಿಯಾಗಿ ಹೊರಗೆ ಹೋಗುತ್ತಿತ್ತು. ಸಿಮೆಂಟ್, ಪುಟ್ಟಿ, ಪ್ಲಾಸ್ಟಿಕ್ ಪೇಂಟ್ ಸೇರಿ ಆ ದಾರಿ ಮುಚ್ಚಿದವು. ಹೋಗಲು ಜಾಗ ಸಿಗದ ನೀರು ಮೇಲಕ್ಕೆ ಹತ್ತಿತು. ಕೋಟಿಂಗ್ ಹೊಡೆದರೆ ಇನ್ನೂ ಮೇಲಕ್ಕೆ ಹತ್ತುತ್ತದೆ, ಅಷ್ಟೇ.

ಮೊದಲು ಒಂದು ಪರೀಕ್ಷೆ ಮಾಡಿ. ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗಿಟ್ಟು, ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ. ಎರಡು ದಿನ ಬಿಟ್ಟು ನೋಡಿ. ಹಾಳೆಯ ಒಳಬದಿಯಲ್ಲಿ, ಅಂದರೆ ಗೋಡೆಯ ಕಡೆ ನೀರಿನ ಹನಿ ಇದ್ದರೆ ತೇವ ಗೋಡೆಯಿಂದಲೇ ಬರುತ್ತಿದೆ. ಹೊರಬದಿ ಒದ್ದೆಯಾಗಿದ್ದರೆ ಅದು ಕೋಣೆಯ ಗಾಳಿಯ ತೇವ. ಅದಕ್ಕೆ ಕಿಟಕಿ ತೆರೆದಿಡುವುದೇ ಮದ್ದು.

ಆಮೇಲೆ ಮನೆಯ ಹೊರಗೆ ಒಂದು ಸುತ್ತು ಹಾಕಿ. ಅಂಗಳದ ಮಣ್ಣು ಒಳಗಿನ ನೆಲಕ್ಕಿಂತ ಎತ್ತರಕ್ಕೆ ಬಂದಿದೆಯಾ? ಗೋಡೆಗೆ ತಾಗುವ ಹಾಗೆ ಕಾಂಕ್ರೀಟ್ ಹಾಕಿಸಿದ್ದೀರಾ? ಸೂರಿನ ನೀರು ಗೋಡೆಯ ಬುಡಕ್ಕೇ ಬೀಳುತ್ತದೆಯಾ? ಆ ಗೋಡೆಯ ಹಿಂದೆ ಬಚ್ಚಲಿದೆಯಾ? ನಿಮ್ಮ ಕಡೆಯ ಮಳೆಗೆ ಇದರಲ್ಲಿ ಒಂದಿದ್ದರೂ ಸಾಕು, ಗೋಡೆ ಒಣಗುವುದಿಲ್ಲ. ಮಣ್ಣು ತೆಗೆದು ಒಳನೆಲಕ್ಕಿಂತ ಅರ್ಧ ಅಡಿಯಾದರೂ ತಗ್ಗು ಮಾಡಿ. ಹಾಗೆಂದು ಪಾಯದ ಬುಡ ಅಗೆಯಬೇಡಿ. ಸೂರಿಗೆ ದೋಣಿ ಕಟ್ಟಿಸಿ ನೀರನ್ನು ದೂರ ಬಿಡಿ. ನಿಜವಾದ ರಿಪೇರಿ ಇದು. ಮಿಕ್ಕಿದ್ದು ಗಾರೆ ಕೆಲಸ.

ಒಳಗಿನ ಸಿಮೆಂಟ್ ಪ್ಲಾಸ್ಟರನ್ನು ತೇವದ ಗೆರೆಗಿಂತ ಒಂದಡಿ ಮೇಲಿನವರೆಗೆ ತೆಗೆಸಿ. ಉಳಿಯಲ್ಲಿ ನಿಧಾನ ಕೆತ್ತಬೇಕು. ಮಷಿನ್ ಹಚ್ಚಿದರೆ ಮಣ್ಣಿನ ಗೋಡೆಯೂ ಜೊತೆಗೆ ಕಿತ್ತು ಬರುತ್ತದೆ. ಬಿಳಿ ಪುಡಿ ಉಪ್ಪು. ಅದನ್ನು ಒಣ ಬ್ರಷ್‌ನಲ್ಲಿ ಉಜ್ಜಿ, ಗುಡಿಸಿ ಹೊರಗೆ ಹಾಕಿ. ನೀರು ಹಾಕಿ ತೊಳೆದರೆ ಉಪ್ಪು ಕರಗಿ ಮತ್ತೆ ಗೋಡೆಯೊಳಗೇ ಸೇರುತ್ತದೆ.

ಈಗ ಕಷ್ಟದ ಮಾತು: ಕಾಯಬೇಕು. ಒಂದು ಇಂಚು ದಪ್ಪಕ್ಕೆ ಒಂದು ತಿಂಗಳು ಎಂದು ಕಟ್ಟಡದವರು ಅಂದಾಜು ಹೇಳುತ್ತಾರೆ. ದೀಪಾವಳಿ ಕಳೆದ ಮೇಲೆ ಕೆತ್ತಿಸಿ, ಕಡಿಮೆಯೆಂದರೂ ಬೇಸಿಗೆ ಮುಗಿಯುವವರೆಗೆ ಗೋಡೆಯನ್ನು ಹಾಗೇ ಬಿಡಿ. ನೆಂಟರು ಬಂದಾಗ ಚೆನ್ನಾಗಿ ಕಾಣುವುದಿಲ್ಲ, ನಿಜ. ಆದರೂ ಬಿಡಿ. ಆಮೇಲೆ ಚೆನ್ನಾಗಿ ನೆನೆದ ಸುಣ್ಣ ಒಂದು ಪಾಲು, ಉಪ್ಪಿನಂಶವಿಲ್ಲದ ಮರಳು ಮೂರು ಪಾಲು ಸೇರಿಸಿ ಎರಡು ತೆಳು ಪದರದ ಗಾರೆ ಮಾಡಿಸಿ. ವಾರವಾದರೂ ನೀರು ಚಿಮುಕಿಸಿ ಪಸೆ ಆರದಂತೆ ನೋಡಿಕೊಳ್ಳಿ. ಬಣ್ಣಕ್ಕೆ ಸುಣ್ಣವೇ ಸಾಕು.

ಪ್ರಶ್ನೆ: ಬೇಸಿಗೆ ಬಂತೆಂದರೆ ಕಿಟಕಿ ಮೂಲೆಯಿಂದ ಓರೆಯಾಗಿ ಬಿರುಕು ಬಿಡುತ್ತದೆ. ಮಳೆಗಾಲದಲ್ಲಿ ಅರ್ಧ ಮುಚ್ಚಿಕೊಳ್ಳುತ್ತದೆ. ಪ್ರತಿವರ್ಷ ಸಿಮೆಂಟ್ ತುಂಬಿಸುತ್ತೇವೆ. ಮನೆ ಬೀಳುತ್ತದಾ?
– ಓದುಗರು, ನವಲಗುಂದ

ಉತ್ತರ: ನಿಮ್ಮದು ಎರೆ ಭೂಮಿ. ಒದ್ದೆಯಾದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ, ಪಾಯವನ್ನೂ ಜೊತೆಗೆ ಆಡಿಸುತ್ತದೆ. ಬಿರುಕು ಅಗಲವಾಗಿದ್ದಾಗ ಗಟ್ಟಿ ಸಿಮೆಂಟ್ ತುಂಬಿದರೆ, ಮಳೆಗಾಲದಲ್ಲಿ ಗೋಡೆಗೆ ಮುಚ್ಚಿಕೊಳ್ಳಲು ಜಾಗ ಇರುವುದಿಲ್ಲ. ಪಕ್ಕದಲ್ಲೇ ಹೊಸ ಬಿರುಕು ಬಿಡುತ್ತದೆ. ಈ ಸಲ ತುಂಬಿಸಬೇಡಿ. ಬಿರುಕಿನ ಎರಡೂ ಬದಿಗೆ ಪೆನ್ಸಿಲ್ ಗುರುತು ಹಾಕಿ, ನಡುವಿನ ಅಂತರವನ್ನು ತಿಂಗಳಿಗೊಮ್ಮೆ ಅಳೆದು ಗೋಡೆಯ ಮೇಲೇ ತಾರೀಕು ಬರೆಯಿರಿ. ವರ್ಷದ ಕೊನೆಗೆ ಮೊದಲಿನ ಅಳತೆಗೇ ಬಂದು ನಿಂತರೆ ಮಣ್ಣಿನ ಆಟ ಅಷ್ಟೇ. ಮೆತ್ತನೆಯ ಸುಣ್ಣದ ಗಾರೆ ತುಂಬಿಸಿ. ಮನೆ ಸುತ್ತ ಮೂರು-ನಾಲ್ಕು ಅಡಿ ಹೊರಕ್ಕೆ ಇಳಿಜಾರಾಗಿ ಹಾಸು ಮಾಡಿಸಿದರೆ ಬುಡದ ಮಣ್ಣು ಒಮ್ಮೆಲೇ ಒದ್ದೆಯಾಗುವುದು, ಒಣಗುವುದು ಕಡಿಮೆಯಾಗುತ್ತದೆ. ಆದರೆ ಅಂತರ ಬೆಳೆಯುತ್ತಲೇ ಹೋದರೆ, ಬಾಗಿಲು ಸಿಕ್ಕಿಕೊಳ್ಳತೊಡಗಿದರೆ, ಗೋಡೆ ಹೊಟ್ಟೆ ಬಿಟ್ಟರೆ ಇಂಜಿನಿಯರ್ ಒಬ್ಬರನ್ನು ಮನೆಗೇ ಕರೆಸಿ ತೋರಿಸಿ. ಪತ್ರದಲ್ಲಿ ಹೇಳುವ ಕೆಲಸ ಅದಲ್ಲ.

ಪ್ರಶ್ನೆ: ಗೋಡೆ ತಟ್ಟಿದರೆ ಡಬಡಬ ಸದ್ದು. ಗಾರೆ ಪೂರ್ತಿ ಕೀಳಿಸಬೇಕಾ?
– ಓದುಗರು, ತಿಪಟೂರು

ಉತ್ತರ: ಬೇಡ. ಅಂಗೈಯಿಂದ ಒತ್ತಿ ನೋಡಿ. ಅಲುಗಿದರೆ ಅಷ್ಟು ಭಾಗ ಕೀಳಿಸಿ. ಅಲುಗದೆ ಗಟ್ಟಿಯಾಗಿದ್ದರೆ ಹಾಗೇ ಇರಲಿ. ತಾರಸಿಯ ಕೆಳಭಾಗದಲ್ಲಿ ಈ ಸದ್ದು ಬಂದರೆ ಮಾತ್ರ ಕಾಯಬೇಡಿ, ಅದರ ಕೆಳಗೆ ಮಕ್ಕಳ ಹಾಸಿಗೆ ಹಾಕಬೇಡಿ, ಬೇಗ ತೆಗೆಸಿ.