ಮೆಲ್ಬರ್ನಿನಲ್ಲಿ ಮನೆಯಲ್ಲೇ ನೋಡಿಕೊಳ್ಳುವ ಮಕ್ಕಳ ಕಲಿಕೆಯ ಗುಣಮಟ್ಟಕ್ಕೆ ಸರ್ಕಾರ ಏನಾದರೂ ಕೊಡುತ್ತದೆಯೇ?

ಹೈಸ್ಕೂಲಿನಲ್ಲಿ ಎಂಟು ವರ್ಷ ಗಣಿತ ಕಲಿಸಿ ಮೆಲ್ಬರ್ನಿನ ಟಾರ್ನೀಟಿಗೆ ಬಂದಿದ್ದೀರಿ, ಫ್ಯಾಮಿಲಿ ಡೇ ಕೇರ್, ಅಂದರೆ ನಿಮ್ಮ ಮನೆಯಲ್ಲೇ ಬೇರೆಯವರ ಕೆಲವು ಮಕ್ಕಳನ್ನು ನೋಡಿಕೊಳ್ಳುವ ಕೆಲಸ, ಆರಂಭಿಸುವ ಯೋಚನೆಯಲ್ಲಿದ್ದೀರಿ. ‘ಸರ್ಕಾರ ದುಡ್ಡು ಕೊಡುತ್ತದಂತೆ, ಹೌದೇ? ಅದು ಬರೀ ಮಕ್ಕಳನ್ನು ಕಾಯುವುದಕ್ಕೋ, ಕಲಿಸುವುದಕ್ಕೂ ಬೆಂಬಲ ಇದೆಯೋ? ಮಕ್ಕಳೊಡನೆ ಕನ್ನಡ ಮಾತನಾಡಬಹುದೇ?’ ಎಂದು ಕೇಳಿದ್ದೀರಿ. ಈ ನಗರದ ಪಶ್ಚಿಮ ಭಾಗದಲ್ಲಿ ಒಂಬತ್ತು ವರ್ಷದಿಂದ ನನ್ನ ಹೊಟ್ಟೆಪಾಡು ಇದೇ. ಹಾಗಾಗಿ ಉತ್ತರ ಸ್ವಲ್ಪ ಉದ್ದವಾದರೆ ಕ್ಷಮಿಸಿ.

ದುಡ್ಡಿನ ವಿಷಯ ಮೊದಲು ಮುಗಿಸಿಬಿಡುತ್ತೇನೆ. ಸರ್ಕಾರ ಹಣ ಕೊಡುವುದು ನಿಮಗೆಂದಲ್ಲ, ಮಗುವಿನ ತಂದೆತಾಯಿಯ ಪರವಾಗಿ. 2018ರ ಜುಲೈಯಿಂದ ಜಾರಿಯಲ್ಲಿರುವ ಚೈಲ್ಡ್ ಕೇರ್ ಸಬ್ಸಿಡಿ ಕುಟುಂಬದ ಆದಾಯ ನೋಡಿ ಶುಲ್ಕದ ಒಂದು ಭಾಗವನ್ನು ಭರಿಸುತ್ತದೆ. ಕಡಿಮೆ ಆದಾಯದವರಿಗೆ ಶೇಕಡಾ 90ರವರೆಗೆ. ಅದು ನೀವು ಸೇರಿಕೊಳ್ಳುವ ಸಂಸ್ಥೆಗೆ, ಅಂದರೆ ಇಲ್ಲಿಯವರು ‘ಸರ್ವಿಸ್’ ಎನ್ನುವ ಕಚೇರಿಗೆ, ಹೋಗುತ್ತದೆ. ಅವರು ತಮ್ಮ ಪಾಲನ್ನು ಹಿಡಿದುಕೊಂಡು ಉಳಿದದ್ದನ್ನು ನಿಮಗೆ ಕಳಿಸುತ್ತಾರೆ. ತಾತ್ಕಾಲಿಕ ವೀಸಾದಲ್ಲಿರುವ ಹೆಚ್ಚಿನ ಕುಟುಂಬಗಳಿಗೆ ಈ ಸಬ್ಸಿಡಿ ಇಲ್ಲ. ನಮ್ಮವರೇ ಹೆಚ್ಚು ಬರುತ್ತಾರೆಂದು ಲೆಕ್ಕ ಹಾಕಿಕೊಂಡಿದ್ದರೆ ಇದು ನೆನಪಿರಲಿ, ಅವರು ಪೂರ್ತಿ ಶುಲ್ಕ ಕೊಡಬೇಕಾಗುತ್ತದೆ. ಇನ್ನೊಂದು ಮಾತು: ಗಂಟೆಗೆ ಇಷ್ಟರವರೆಗೆ ಮಾತ್ರ ಸಬ್ಸಿಡಿ ಎಂಬ ಮಿತಿಯಿದೆ, ಆ ಮಿತಿ ದೊಡ್ಡ ಕೇಂದ್ರಗಳಿಗಿಂತ ನಮಗೆ ಕಡಿಮೆ.

ಈ ಹಣ ಗಂಟೆಯ ಲೆಕ್ಕದ್ದು. ಆ ಗಂಟೆಯಲ್ಲಿ ನೀವು ಕಥೆ ಹೇಳಿದಿರೋ, ಮಗುವನ್ನು ಟಿವಿ ಮುಂದೆ ಕೂರಿಸಿದಿರೋ ಅದಕ್ಕೆ ತಿಳಿಯುವುದಿಲ್ಲ. ಅದನ್ನು ನೋಡುವುದಕ್ಕೆ ಇರುವ ವ್ಯವಸ್ಥೆ ಬೇರೆಯೇ.

2012ರಲ್ಲಿ ರಾಷ್ಟ್ರೀಯ ಗುಣಮಟ್ಟ ಚೌಕಟ್ಟು ಎಂಬುದು ಇಲ್ಲಿ ಜಾರಿಗೆ ಬಂತು. ನನಗೆ ಇವತ್ತಿಗೂ ಮೆಚ್ಚುಗೆಯಾಗುವ ಸಂಗತಿಯೆಂದರೆ, ನೂರು ಮಕ್ಕಳ ಕೇಂದ್ರಕ್ಕೂ ನನ್ನ ಹಜಾರಕ್ಕೂ ಅದೇ ಏಳು ಅಳತೆಗೋಲು. ಏಳರಲ್ಲಿ ಮೊದಲನೆಯದು ಸುರಕ್ಷತೆಯಲ್ಲ, ಕಲಿಕೆಯ ಕಾರ್ಯಕ್ರಮ. ಸುರಕ್ಷತೆ ಎರಡನೆಯದು. 2009ರಲ್ಲಿ ಬಂದು 2023ರಲ್ಲಿ ಪರಿಷ್ಕರಣೆಯಾದ ‘ಬಿಲಾಂಗಿಂಗ್, ಬೀಯಿಂಗ್ ಅಂಡ್ ಬಿಕಮಿಂಗ್’ ಎಂಬ ಕಲಿಕಾ ಚೌಕಟ್ಟು ನಮಗೂ ಅನ್ವಯಿಸುತ್ತದೆ. ಅದರಲ್ಲಿ ಅಕ್ಷರಾಭ್ಯಾಸ, ಮಗ್ಗಿ ಏನೂ ಇಲ್ಲ; ಮಗುವಿಗೆ ತಾನು ಯಾರೆಂಬ ಅರಿವು, ಸುತ್ತಲಿನವರೊಡನೆ ನಂಟು, ಕ್ಷೇಮ, ಕಲಿಯುವ ಆತ್ಮವಿಶ್ವಾಸ, ಮಾತು ಹೀಗೆ ಐದು ಫಲಗಳಿವೆ. ಗಣಿತದ ಮೇಡಂ ಆಗಿದ್ದ ನಿಮಗೆ ಮೊದಲ ಆರು ತಿಂಗಳು ಇದು ಗಾಳಿಯಲ್ಲಿ ಬರೆದ ಹಾಗೆ ಕಾಣುತ್ತದೆ. ನನಗೂ ಕಂಡಿತ್ತು.

ಏಕಕಾಲಕ್ಕೆ ಏಳು ಮಕ್ಕಳಿಗಿಂತ ಹೆಚ್ಚಿರುವಂತಿಲ್ಲ, ಅದರಲ್ಲಿ ಇನ್ನೂ ಶಾಲೆಗೆ ಸೇರದವರು ನಾಲ್ಕೇ. ಮನೆಯಲ್ಲಿ ಜವಾಬ್ದಾರಿ ಹೊರುವ ಇನ್ನೊಬ್ಬ ವಯಸ್ಕರು ಇಲ್ಲದಿದ್ದರೆ ನಿಮ್ಮ ಸ್ವಂತ ಮಕ್ಕಳೂ 13 ವರ್ಷದೊಳಗಿದ್ದರೆ ಈ ಲೆಕ್ಕಕ್ಕೆ ಸೇರುತ್ತಾರೆ. ಮನೆಯಲ್ಲಿ ವಾಸಿಸುವ 18 ದಾಟಿದ ಎಲ್ಲರಿಗೂ ಮಕ್ಕಳ ಸುರಕ್ಷತೆಯ ತಪಾಸಣಾ ಪತ್ರ ಬೇಕು. ನನ್ನ ಅತ್ತೆ ದಾವಣಗೆರೆಯಿಂದ ಬಂದು ನಿಂತಾಗ ‘ಮೊಮ್ಮಕ್ಕಳನ್ನು ಎತ್ತಿಕೊಳ್ಳುವುದಕ್ಕೂ ಅರ್ಜಿಯೇ’ ಎಂದು ಒಂದು ವಾರ ಮುಖ ಊದಿಸಿಕೊಂಡಿದ್ದರು.

ಈಗ ನಿಜವಾದ ಉತ್ತರಕ್ಕೆ ಬರುತ್ತೇನೆ. ಕಲಿಕೆಯ ಗುಣಮಟ್ಟಕ್ಕೆ ಸರ್ಕಾರದ ಬೆಂಬಲ ಎಂಬುದು ನಿಮ್ಮ ಮನೆಯ ಬಾಗಿಲಿಗೆ ಬರುವುದು ಒಬ್ಬ ಮನುಷ್ಯರ ರೂಪದಲ್ಲಿ. ಅವರನ್ನು ಕೋಆರ್ಡಿನೇಟರ್ ಎನ್ನುತ್ತಾರೆ. ಕನಿಷ್ಠ ಡಿಪ್ಲೊಮಾ ಓದಿರಬೇಕು, ನಿಮ್ಮ ಮನೆಗೆ ಬಂದು ನೋಡಬೇಕು, ಸಲಹೆ ಕೊಡಬೇಕು ಎಂಬುದು ನಿಯಮ. ಹೊಸ ಸರ್ವಿಸ್ ಆದರೆ ಮೊದಲ ವರ್ಷ ನಮ್ಮಂಥ 15 ಎಜುಕೇಟರ್‌ಗಳಿಗೆ ಒಬ್ಬರು, ಆಮೇಲೆ 25ಕ್ಕೆ ಒಬ್ಬರು. ಈ ಒಬ್ಬರು ಹೇಗಿದ್ದಾರೆ ಎಂಬುದರ ಮೇಲೆ ಉಳಿದದ್ದೆಲ್ಲ ನಿಂತಿದೆ.

ನನ್ನ ಚಿಕ್ಕಮ್ಮ ಊರಿನಲ್ಲಿ ಅಂಗನವಾಡಿ ಕಾರ್ಯಕರ್ತೆಯಾಗಿದ್ದರು. ಮೇಲ್ವಿಚಾರಕಿ ಬರುತ್ತಾರೆಂದರೆ ಹಿಂದಿನ ರಾತ್ರಿಯೇ ತೂಕದ ರಿಜಿಸ್ಟರು, ಹಾಜರಿ, ದಾಸ್ತಾನಿನ ಪುಸ್ತಕ ಸಾಲಾಗಿ ಇಡುತ್ತಿದ್ದರು. ನಾನು ಮೊದಲು ಸೇರಿದ ಸರ್ವಿಸ್‌ನಲ್ಲಿ ಆದದ್ದೂ ಅದೇ. ಬರುತ್ತಿದ್ದವರು ಗೇಟಿನ ಚಿಲಕ ಎಳೆದು ನೋಡುತ್ತಿದ್ದರು, ಔಷಧಿಯ ಕಪಾಟಿಗೆ ಬೀಗ ಇದೆಯೇ ಎಂದು ನೋಡುತ್ತಿದ್ದರು, ಸಹಿ ಹಾಕಿಸಿಕೊಂಡು ಇಪ್ಪತ್ತು ನಿಮಿಷದಲ್ಲಿ ಹೊರಡುತ್ತಿದ್ದರು. ಎರಡು ವರ್ಷದಲ್ಲಿ ಒಮ್ಮೆಯೂ ಮಕ್ಕಳ ಜೊತೆ ನೆಲದ ಮೇಲೆ ಕುಳಿತದ್ದನ್ನು ನಾನು ನೋಡಲಿಲ್ಲ. ಅವರದೂ ಪೂರ್ತಿ ತಪ್ಪಲ್ಲ. ಅದಕ್ಕಿಂತ ಕೆಲವು ವರ್ಷ ಹಿಂದೆ ಈ ಕ್ಷೇತ್ರದಲ್ಲಿ ಇಲ್ಲದ ಮಕ್ಕಳ ಹೆಸರಿನಲ್ಲಿ ಹಣ ಎತ್ತಿದ ಪ್ರಕರಣಗಳು ಬಯಲಾಗಿದ್ದವು. ಎಜುಕೇಟರ್‌ಗಳು ಪರಸ್ಪರ ಮಕ್ಕಳನ್ನು ಅದಲುಬದಲು ನೋಡಿಕೊಂಡು ಸರ್ಕಾರದ ಹಣ ಪಡೆಯುವುದನ್ನು 2015ರಲ್ಲಿ ತಡೆಯಬೇಕಾಯಿತು. ಅಂಥ ಕಾಲದಲ್ಲಿ ಎಲ್ಲರ ಕಣ್ಣೂ ಕಾಗದದ ಮೇಲೇ ಇತ್ತು.

ಆಮೇಲೆ ಸರ್ವಿಸ್ ಬದಲಿಸಿದೆ. ಹೊಸ ಕೋಆರ್ಡಿನೇಟರ್ ಮೊದಲ ಸಲ ಬಂದ ದಿನ ನಾಲ್ಕು ವರ್ಷದ ಇಬ್ಬರು ಅಳಗುಳಿಮಣೆಯ ಮುಂದೆ ಕುಳಿತಿದ್ದರು. ಹುಣಸೆ ಬೀಜ ನೋಡಿ ಆಕೆಯ ಮುಖ ಬಿಳಿಚಿತು, ಏಕೆಂದರೆ ಮೂಲೆಯಲ್ಲಿ ಹನ್ನೊಂದು ತಿಂಗಳ ಮಗು ಅಂಬೆಗಾಲಿಡುತ್ತಿತ್ತು. ‘ಇದು ಗಂಟಲಿಗೆ ಸಿಕ್ಕಿಕೊಳ್ಳುತ್ತದೆ, ಎತ್ತಿಡಿ’ ಎಂದರು. ಎತ್ತಿಟ್ಟೆ. ಮಣೆಯೂ ಇವತ್ತಿಗೆ ಅಟ್ಟ ಸೇರಿತು ಎಂದುಕೊಂಡೆ. ಆದರೆ ಆಕೆ ಶೂ ಬಿಚ್ಚಿ ಚಾಪೆಯ ಮೇಲೆ ಕುಳಿತು ‘ಆಟ ಹೇಗೆ?’ ಎಂದು ಹುಡುಗಿಯನ್ನೇ ಕೇಳಿದರು. ಹುಡುಗಿ ವಿವರಿಸಿದಳು: ಹದಿನಾಲ್ಕು ಗುಳಿ, ಒಂದೊಂದಕ್ಕೂ ಒಂದೊಂದು ಹಾಕುತ್ತಾ ಹೋಗಬೇಕು, ಕೈಯಲ್ಲಿರುವುದು ಎಲ್ಲಿ ಮುಗಿಯುತ್ತದೆ ಎಂದು ಮೊದಲೇ ಗೊತ್ತಿದ್ದರೆ ಗೆಲ್ಲಬಹುದು. ಆಕೆ ನನ್ನ ಕಡೆ ತಿರುಗಿ, ಇವಳು ಮುಂದಿನ ಹೆಜ್ಜೆಯನ್ನು ಊಹಿಸುತ್ತಿದ್ದಾಳೆ, ಅದನ್ನು ನೀವು ಎಲ್ಲಿ ಬರೆದಿದ್ದೀರಿ ಎಂದು ಕೇಳಿದರು. ನಾನು ಎಲ್ಲಿಯೂ ಬರೆದಿರಲಿಲ್ಲ. ‘ಎಲ್ಲರೂ ಊಟ ಮಾಡಿದರು, ಆಟ ಆಡಿದರು’ ಎಂದಷ್ಟೇ ಬರೆಯುತ್ತಿದ್ದೆ.

ಆ ದಿನ ಇಬ್ಬರೂ ಸೇರಿ ಮಾಡಿದ ಏರ್ಪಾಡು ಇಂದಿಗೂ ನಡೆಯುತ್ತಿದೆ. ಬೀಜದ ಆಟ ಚಿಕ್ಕವರು ಮಲಗಿದಾಗ, ಎತ್ತರದ ಮೇಜಿನ ಮೇಲೆ, ಎಣಿಸಿ ಕೊಟ್ಟು ಎಣಿಸಿ ತೆಗೆದಿಡುವುದು. ಉಳಿದ ಹೊತ್ತಿನಲ್ಲಿ ಮೊಟ್ಟೆಯ ತಟ್ಟೆ ಮತ್ತು ಮಗುವಿನ ಬಾಯಿಗೆ ಹಿಡಿಯದಷ್ಟು ದೊಡ್ಡ ಮರದ ಗುಂಡುಗಳು. ಬರೆಯುವುದನ್ನೂ ಆಕೆಯೇ ಕಲಿಸಿದರು: ಮಗು ಏನು ಮಾಡಿತು, ಅದರಿಂದ ನನಗೆ ಏನು ಗೊತ್ತಾಯಿತು, ನಾಳೆ ಏನು ಮುಂದಿಡುತ್ತೇನೆ. ಈ ಕೆಲಸಕ್ಕೆ ಬೇಕಾದ ಸರ್ಟಿಫಿಕೇಟ್ ತ್ರೀ ಕೋರ್ಸಿನಲ್ಲಿ ಇದನ್ನೇ ಓದಿದ್ದೆ, ಆದರೆ ಪಾಠ ತಲೆಗೆ ಹೋದದ್ದು ನನ್ನ ಚಾಪೆಯ ಮೇಲೆ.

ಆ ಕೋರ್ಸು ಈಗ ಮುಗಿಸಿಯೇ ಕೆಲಸ ಆರಂಭಿಸಬೇಕು, ಓದುತ್ತಿದ್ದೇನೆ ಎಂದರೆ ನಡೆಯದು. ನಮ್ಮ ರಾಜ್ಯ ವಿಕ್ಟೋರಿಯಾದ ಉಚಿತ ಟೇಫ್ (ಸರ್ಕಾರಿ ವೃತ್ತಿ ತರಬೇತಿ ಸಂಸ್ಥೆ) ಯೋಜನೆಯಲ್ಲಿ ನಾಗರಿಕರಿಗೂ ಕಾಯಂ ನಿವಾಸಿಗಳಿಗೂ ಬೋಧನಾ ಶುಲ್ಕವಿಲ್ಲ. ನಿಮ್ಮ ವೀಸಾ ಯಾವುದೆಂದು ಬರೆದಿಲ್ಲ, ನೋಡಿಕೊಳ್ಳಿ. ನಿಮ್ಮ ಬಿ.ಎಡ್. ಪದವಿ ಹೈಸ್ಕೂಲಿನದು, ಅದನ್ನೇ ನೇರವಾಗಿ ಒಪ್ಪುತ್ತಾರೆಂದು ಎಣಿಸಬೇಡಿ. ವಿದೇಶಿ ಪದವಿಗಳನ್ನು ತೂಗುವುದು ಎಸಿಇಸಿಕ್ಯೂಎ ಎಂಬ ರಾಷ್ಟ್ರೀಯ ಪ್ರಾಧಿಕಾರ. ವಿಶೇಷ ಅಗತ್ಯವಿರುವ ಮಗುವನ್ನು ಸೇರಿಸಿಕೊಂಡು ಅದಕ್ಕಾಗಿ ಬೇರೆ ಮಕ್ಕಳ ಸಂಖ್ಯೆ ಇಳಿಸಬೇಕಾದರೆ ಆ ನಷ್ಟ ತುಂಬುವ ಟಾಪ್‌ಅಪ್ ಹಣವೂ ಇದೆ. ನನ್ನ ಮಟ್ಟಿಗೆ ಅತ್ಯಂತ ನ್ಯಾಯವಾದ ಸಹಾಯ ಅದೊಂದೇ. 2024ರ ಕೊನೆಯಲ್ಲಿ ಕೇಂದ್ರಗಳ ಸಿಬ್ಬಂದಿಗೆ ಎರಡು ವರ್ಷದಲ್ಲಿ ಶೇಕಡಾ 15ರಷ್ಟು ಸಂಬಳ ಏರಿಸಲು ಸರ್ಕಾರ ಅನುದಾನ ಕೊಟ್ಟಾಗ ನಮ್ಮನ್ನು ಅದರ ಹೊರಗಿಟ್ಟರು. ಅಳತೆಗೋಲು ಒಂದೇ, ಸಂಬಳದ ಹೊತ್ತಿಗೆ ಮಾತ್ರ ನಾವು ಬೇರೆ.

ಗುಣಮಟ್ಟದ ಶ್ರೇಣಿ ನಿಮ್ಮ ಮನೆಗಲ್ಲ, ಇಡೀ ಸರ್ವಿಸ್‌ಗೆ ಸಿಗುತ್ತದೆ. ರಾಜ್ಯದ ಅಧಿಕಾರಿಗಳು ಕೆಲವೇ ಮನೆಗಳನ್ನು ನೋಡಿ ಎಲ್ಲರ ಹಣೆಬರಹ ಬರೆಯುತ್ತಾರೆ. ಆದ್ದರಿಂದ ರಾಷ್ಟ್ರೀಯ ದಾಖಲೆಯಲ್ಲಿ ಶ್ರೇಣಿ ನೋಡಿ, ಆದರೆ ಅಲ್ಲಿಗೇ ನಿಲ್ಲಬೇಡಿ. ಆ ಸರ್ವಿಸ್‌ನಲ್ಲಿ ಈಗ ಕೆಲಸ ಮಾಡುತ್ತಿರುವ ಇಬ್ಬರು ಎಜುಕೇಟರ್‌ಗಳಿಗೆ ಫೋನ್ ಮಾಡಿ, ಕೋಆರ್ಡಿನೇಟರ್ ಎಷ್ಟು ದಿನಕ್ಕೊಮ್ಮೆ ಬರುತ್ತಾರೆ, ಬಂದರೆ ಎಲ್ಲಿ ಕುಳಿತುಕೊಳ್ಳುತ್ತಾರೆ ಎಂದು ಕೇಳಿ. ಕುರ್ಚಿಯ ಮೇಲೋ, ಚಾಪೆಯ ಮೇಲೋ? ನಾನು ತಮಾಷೆ ಮಾಡುತ್ತಿಲ್ಲ.

ಕನ್ನಡ ಧಾರಾಳವಾಗಿ ಮಾತನಾಡಿ. ಮನೆಭಾಷೆಯನ್ನು ಉಳಿಸಿಕೊಳ್ಳುವುದು ಆ ಕಲಿಕಾ ಚೌಕಟ್ಟೇ ಬೆಂಬಲಿಸುವ ವಿಷಯ. ನನ್ನಲ್ಲಿ ವಿಯೆಟ್ನಾಮಿನ ಮನೆಯ ಹುಡುಗನೊಬ್ಬ ಹೊಟ್ಟೆ ತುಂಬಿದಾಗ ತಟ್ಟೆ ಸರಿಸಿ ‘ಸಾಕು’ ಎನ್ನುತ್ತಾನೆ, ಅವನ ತಾಯಿ ಅದು ಇಂಗ್ಲಿಷ್ ಎಂದೇ ತಿಳಿದಿದ್ದರು.

ಕೊನೆಗೆ ಒಂದು: ಮೇಜು, ಕಪಾಟು, ಜಾರುಬಂಡಿ ಯಾವುದನ್ನೂ ಈಗಲೇ ಕೊಳ್ಳಬೇಡಿ. ಸರ್ವಿಸ್‌ನವರು ಮೊದಲು ನಿಮ್ಮ ಮನೆಯನ್ನು ಪರಿಶೀಲಿಸುತ್ತಾರೆ. ನಾನು ಆಸೆಪಟ್ಟು ತಂದ ಎತ್ತರದ ಪುಸ್ತಕದ ಕಪಾಟನ್ನು ಗೋಡೆಗೆ ಬಿಗಿಯಬೇಕೆಂದರು, ಬಾಡಿಗೆ ಮನೆಯ ಗೋಡೆಗೆ ಮೊಳೆ ಹೊಡೆಯಲು ಮಾಲೀಕರ ಒಪ್ಪಿಗೆ ಬರಲು ಒಂದೂವರೆ ತಿಂಗಳು ಹಿಡಿಯಿತು.